ಲಾಳಿ ಮುಟ್ಟಿದ ಮಾತು

ಫೆಬ್ರವರಿ 6, 1952. ಬುಧವಾರ

ಬೆಳಿಗ್ಗೆಯಿಂದ ಕಂಡಿಕೆ ಸುತ್ತಿದ್ದೇ ಸುತ್ತಿದ್ದು. ಬೆರಳ ತುದಿ ಉರಿ. ಕೆಂಪು ರೇಷ್ಮೆ. ಧಾರೆ ಸೀರೆಗೆ. ಯಾರ ಧಾರೆ? ನನ್ನ ಗಂಡನದೇ! ಸವತಿ ಉಡುವ ಸೀರೆಗೆ ನೂಲು ಸುತ್ತಿಕೊಡುವವಳು ನಾನು — ಅನಸೂಯ, ಮೇಷ್ಟರ ಮಗಳು, ಥರ್ಡ್ ಫಾರಂ ಪಾಸು. ಶಹಬ್ಬಾಸ್.

ಅತ್ತೆ ರಂಗಮ್ಮನವರು ಪಕ್ಕದಲ್ಲೇ ಕೂತು ಎಲೆಯಡಿಕೆ ಹಾಕುತ್ತಿದ್ದರು. "ಕಂಡ್ಕೆ ಸುತ್ತು, ಬ್ಯಾಡ ಅನ್ನಲ್ಲ. ಮಗ್ಗದ್ ಮ್ಯಾಲಿನ್ ಹಾಸು ಮಾತ್ರ ಮುಟ್ಬ್ಯಾಡ ಕಣಮ್ಮಿ. ಬಂಜೆ ಕೈ ತಗುಲ್ಬಾರ್ದು ಧಾರೆ ಸೀರೆಗೆ." ಉಪ್ಪು ಕೇಳುವ ಹಾಗೆ ಅಂದರು. ಒಂಬತ್ತು ವರ್ಷದಿಂದ ಕೇಳುತ್ತಿದ್ದೇನೆ. ಇವತ್ತೂ ಕೇಳಿಕೊಂಡು ಇನ್ನೊಂದು ಕಂಡಿಕೆ ಎತ್ತಿಕೊಂಡೆ.

ಯುಗಾದಿ ಕಳೆದ ಮೇಲೆ ಮದುವೆ. ಯಳಂದೂರಲ್ಲಿ. ಕೊಳ್ಳೇಗಾಲದಲ್ಲಿ ಮಾಡುವ ಹಾಗಿಲ್ಲ — ಎರಡನೇ ಹೆಂಡತಿ ಕೂಡದು ಎಂದು ಮದರಾಸು ಸರ್ಕಾರದ ಕಾನೂನು. ಯಳಂದೂರು ಮೈಸೂರಿನದು. ಅಲ್ಲಿ ತಾಳಿ ಕಟ್ಟಿದರೆ ಯಾರೂ ಕೇಳುವುದಿಲ್ಲ ಎಂದು ಇವರ ಲೆಕ್ಕ. ಇಲ್ಲಿ ಸಾರಾಯಿ ಬಂದ್ ಆದಾಗಿನಿಂದ ವಾರವಾರ ಅದೇ ಗಡಿ ದಾಟಿ ಕುಡಿದು ಬರುತ್ತಾರೆ. ಕುಡಿತ ಒಂದೇ ಅಲ್ಲ. ನನಗೆ ಗೊತ್ತಿಲ್ಲವೆಂದುಕೊಂಡಿದ್ದಾರೆ.

ಹುಡುಗಿಯ ಹೆಸರು ಶಿವರತ್ನ. ಹದಿನಾರು. ತಂದೆಯಿಲ್ಲ. ತಾಯಿ ಸೋಮಮ್ಮ ನೂಲು ಹುರಿ ಮಾಡಿ ಸಾಕಿದ್ದಾಳೆ.


ಫೆಬ್ರವರಿ 11, ಸೋಮವಾರ

ಮಗ್ಗ ನಿಂತಿದೆ. ಯಜಮಾನರು ಮಗ್ಗದ ಗುಂಡಿಗೆ ಇಳಿಯಲಿಲ್ಲ. ಕಾಲು ಅಗಲಿಸಿ ನಡೆಯುತ್ತಾರೆ, ಹೊಸದಾಗಿ ಸುನ್ನತಿ ಮಾಡಿಸಿಕೊಂಡವರ ಹಾಗೆ. ಕೇಳಿದರೆ "ತೊಡೆಸಂದಿಲಿ ಕುರು" ಅಂದರು. ಅತ್ತೆಗೆ ಗಾಬರಿ. "ನಿನ್ ಕಣ್ಣೇ ಬಿದ್ದದೆ ನನ್ ಮಗನ್ಗೆ" ಎಂದು ನನಗೇ ದೃಷ್ಟಿ ತೆಗೆಯುವ ಮೆಣಸಿನಕಾಯಿ ತರಲು ಹೇಳಿದರು. ತಂದುಕೊಟ್ಟೆ. ಖಾರದವೇ ಆರಿಸಿ.

ಕೌದಳ್ಳಿಯಿಂದ ಒಬ್ಬ ಪಂಡಿತ ಬಂದಿದ್ದ. ಒಳಗೆ ಬಾಗಿಲು ಹಾಕಿಕೊಂಡು ಏನೋ ಮಾಡಿದ. ಹೊರಗೆ ಬಂದಾಗ ಅವನ ಕೈಯಲ್ಲಿ ಮೈಲುತುತ್ತದ ನೀಲಿ ಬಣ್ಣ. ಒಳಗೆ ಇವರು ಹಲ್ಲು ಕಚ್ಚುವ ಸದ್ದು. ಹಿಚುಕಿದ್ದಾನೆ, ಪಾಪಿ. ಪಾಪ ಎಂದು ಮಾತ್ರ ಅನ್ನಿಸಲಿಲ್ಲ ನನಗೆ.


ಫೆಬ್ರವರಿ 14, ಗುರುವಾರ

ಜ್ವರ ಏರಿದೆ. ಮಧ್ಯಾಹ್ನ ಅತ್ತೆ ಬಾವಿಗೆ ಹೋದಾಗ ಇವರು ಕರೆದರು. ಪಂಚೆ ಸರಿಸಿದರು. ನೋಡಿದೆ.

ತೊಡೆಯಲ್ಲ. ಅಲ್ಲೇ. ಗಂಡಸಿನ ಜಾಗದಲ್ಲೇ. ಒಂದು ಮಗ್ಗುಲು ಪೂರಾ ಊದಿ, ಕೆಂಪಗೆ ಮಿರಮಿರ, ನಡುವೆ ಹಳದಿ ಮೂತಿ. ಪಂಡಿತ ಹಚ್ಚಿದ ಕಡೆ ಚರ್ಮ ಸುಟ್ಟು ಕರ್ರಗಾಗಿದೆ. ಬೆಳಗಿನಿಂದ ಮೂತ್ರ ಹನಿಹನಿ ಅಷ್ಟೆ.

ವಾಸನೆಗೆ ಮುಖ ತಿರುಗಿಸಿದೆ. ನಗು ಬಂತು. ದೇವರಾಣೆಗೂ ಬಂತು. ನಗಲಿಲ್ಲ.

"ಅನಸೂಯಾ, ಸಾಯ್ತೀನಿ ಕಣೆ."

"ಡಾಕ್ಟರ ಹತ್ರ ಹೋಗುವ."

"ಕೊಳ್ಳೇಗಾಲದಲ್ಲಿ ಬ್ಯಾಡ. ಬೀದಿಗೆಲ್ಲ ಗೊತ್ತಾಯ್ತದೆ. ಅನೂರಿಗೆ ಓಗವ." ಆಮೇಲೆ ಮೊಣಕೈ ಊರಿ ಎದ್ದು, ಮಗ್ಗದ ಮೇಲಿದ್ದ ಲಾಳಿ ತೆಗೆದು ಚಾಚಿದರು.  "ಮುಟ್ಟು. ನಾನು ವಾಸಿ ಆಗೋಗಂಟ ಈ ಇಸ್ಯ ಯಾರ್ಗೂ ಬಾಯ್ಬುಡಲ್ಲ ಅನ್ನು. ಅವ್ವಂಗೂ."

ಲಾಳಿ ಮುಟ್ಟಿ ಆಡಿದ ಮಾತು ತಪ್ಪಿದರೆ ಹಾಸು ಹರಿಯುತ್ತದೆ, ಮನೆಯೂ ಹರಿಯುತ್ತದೆ — ನಮ್ಮ ಬೀದಿಯಲ್ಲಿ ಎಲ್ಲರೂ ನಂಬುವುದು. ಕೋರ್ಟಿನಲ್ಲಿ ಸುಳ್ಳು ಹೇಳಿ ಬಂದವರೂ ಲಾಳಿ ಮುಟ್ಟಿ ಸುಳ್ಳು ಹೇಳಿದ್ದಿಲ್ಲ. ನಾನೂ ನಂಬುತ್ತೇನೆ.

ಮುಟ್ಟಿದೆ. ಅವರು ಅಂದ ಮಾತನ್ನೇ ಅಂದೆ.


ಫೆಬ್ರವರಿ 15, ಶುಕ್ರವಾರ. ಹನೂರು, ಛತ್ರ

ಬೆಳಗಿನ ಬಸ್ಸು. ಕಾಮಗೆರೆ ದಾಟುವವರೆಗೆ ರಸ್ತೆ ಗುಂಡಿಯೋ ಗುಂಡಿ. ಪ್ರತಿ ಗುಂಡಿಗೂ ಇವರು "ಅವ್ವಾ" ಅನ್ನುತ್ತಿದ್ದರು. ನಾನು ಕಿಟಕಿಯ ಹೊರಗೆ ನೋಡಿಕೊಂಡು ಕೂತೆ. ಇನ್ನೂ ನಾಲ್ಕು ಗುಂಡಿ ಇರಲಿ ಅನ್ನಿಸಿತು.

ಡಾಕ್ಟರು ಜಡೇಸ್ವಾಮಿ. ಯುದ್ಧದಲ್ಲಿ ಮಿಲಿಟರಿ ಡಾಕ್ಟರಾಗಿದ್ದು ಬಂದವರು. ಬಿಳಿ ಮೀಸೆ, ಒರಟು ಬಾಯಿ. ಕಾಂಪೌಂಡರು ಹೆಸರು ಕೇಳಿದ. ಗಂಡನ ಹೆಸರು ನಾನು ಹೇಳುವ ಹಾಗಿಲ್ಲ, ಇವರ ಕಡೆ ನೋಡಿದೆ. ಇವರೇ ಹೇಳಿದರು: "ಪುಟ್ಟಬಸಪ್ಪ. ಊರು ಶಾಗ್ಯ. ಬೇಸಾಯ."

ಪುಟ್ಟಬಸಪ್ಪ ಅಂತೆ! ರೇಷ್ಮೆ ನೇಯುವ ಮೆತ್ತನೆ ಕೈ ನೋಡಿ ಡಾಕ್ಟರು ನಕ್ಕರು. "ನೇಗಿಲು ಹಿಡಿದ ಕೈ ಅಲ್ಲ ಕಣಯ್ಯ ಇದು. ಹೋಗಲಿ, ಹೆಸರು ಏನಾದ್ರೂ ಇಟ್ಕೊ. ಬಿಚ್ಚು."

ನೋಡಿದರು. ಬೆರಳಿನಿಂದ ಮೆಲ್ಲಗೆ ಒತ್ತಿದರು. ಇವರು ಕಿರುಚಿದರು.

"ಶಿಶ್ನದೊಳಗೆ ಕೀವು ಕಟ್ಟಿದೆ. ಯಾವ ಮುಲಾಮಿಗೂ ಕರಗೋದಲ್ಲ. ಪೆನಿಸಿಲಿನ್ ಸೂಜಿ ಹಾಕ್ತೀನಿ, ಆದ್ರೆ ಅದೊಂದೇ ಸಾಲದು. ಕೀವು ಕೂತಿರೋ ತನಕ ಔಷಧ ಒಳಗೆ ಹೋಗಲ್ಲ. ಕೊಯ್ದು ಹೊರಗೆ ಬಿಡಬೇಕು. ಯಾರು ಹಿಚುಕಿದ್ದು ಇದನ್ನ?"

ಇವರು ಪಂಡಿತನ ವಿಷಯ ಹೇಳಿದರು.

"ಇನ್ನೆರಡು ದಿನ ಅವನ ಕೈಲಿದ್ದಿದ್ರೆ ಮೂತ್ರದ ನಾಳವೇ ತೂತು ಬಿದ್ದು ಉಚ್ಚೆ ಪಕ್ಕದಿಂದ ಬರ್ತಿತ್ತು. ಅಥವಾ ಕೊಳೆತು ಹೋಗ್ತಿತ್ತು. ಪೂರಾ."

ಮಂಪರು ಬರುವ ಸೂಜಿ ಕೊಟ್ಟರು. ನನಗೆ ದೀಪ ಹಿಡಿಯಲು ಹೇಳಿದರು. ಹಿಡಿದೆ.  ಉದ್ದಕ್ಕೆ ಒಂದು ಗೀರು — ಕೀವು ಚಿಮ್ಮಿ ಬಟ್ಟಲಿಗೆ ಬಿತ್ತು. ಹಸಿರು ಹಳದಿ, ರಕ್ತ. ಒಳಗೆ ಗೂಡುಗೂಡಾಗಿ ಕಟ್ಟಿದ್ದನ್ನೆಲ್ಲ ಬಿಡಿಸಿ ತೊಳೆದರು. ಆಮೇಲೆ ಪಟ್ಟಿ ಬಟ್ಟೆಯನ್ನು ಔಷಧದಲ್ಲಿ ಅದ್ದಿ ಗಾಯದೊಳಗೆ ತುರುಕಿದರು. ತೆಳ್ಳನೆ ಕೊಳವೆ ಹಾಕಿ ಮೂತ್ರವನ್ನೂ ಇಳಿಸಿದರು.

"ಈ ಪಟ್ಟಿ ದಿನಾ ತೆಗೆದು ಹೊಸದು ತುರುಕಬೇಕು. ಗಾಯ ತಳದಿಂದ ಮೇಲಕ್ಕೆ ಆರಬೇಕು. ಮೇಲ್ಬಾಯಿ ಬೇಗ ಮುಚ್ಚಿಕೊಂಡ್ರೆ ಒಳಗೆ ಮತ್ತೆ ಕೀವು ಕಟ್ಟುತ್ತೆ. ಯಾರು ಮಾಡ್ತೀರ?"

"ನಾನೇ" ಅಂದೆ.

"ಪುಣ್ಯ ಮಾಡಿದ್ದೆ ಕಣಯ್ಯ, ಇಂಥ ಹೆಂಡ್ತಿ ಸಿಕ್ಕೋಕೆ" ಅಂದರು ಡಾಕ್ಟರು. ಇವರು ಕಣ್ಣೀರು ಒರೆಸಿಕೊಂಡರು.


ಫೆಬ್ರವರಿ 18, ಸೋಮವಾರ. ಛತ್ರ

ಇವತ್ತು ಡಾಕ್ಟರು ಇವರನ್ನು ಒಂದೊಂದಾಗಿ ಕೇಳಿದರು. ನಾನು ಪರದೆಯ ಈಚೆ ಬಟ್ಟೆ ಕುದಿಸುತ್ತಿದ್ದೆ. ಎಲ್ಲ ಕೇಳಿಸಿತು.

ಉರಿಮೂತ್ರ, ಕೀವು ಸೋರುವುದು ಮೊದಲೂ ಆಗಿತ್ತೇ? ಆಗಿತ್ತು. ಯಾವಾಗ? ಮದುವೆಗೆ ಮುಂಚೆ. ಸೇಲಂಗೆ ನೂಲು ತರಲು ಹೋಗಿದ್ದಾಗ. ಬೀಜ ಊದಿತ್ತೇ? ಊದಿತ್ತು, ಎರಡೂ. ಔಷಧ? ಕಷಾಯ ಕುಡಿದೆ, ತಾನೇ ಹೋಯಿತು.

"ಹೋಗಲಿಲ್ಲ ಕಣಯ್ಯ. ಒಳಗೇ ಕೂತಿತ್ತು. ಈಗ ಹೊಸದೂ ಸೇರಿಕೊಂಡಿದೆ. ಮಕ್ಕಳಿದಾರಾ?"

"ಇಲ್ಲ ಸಾ. ಎಂಗಸು ಬಂಜೆ."

ಡಾಕ್ಟರು ಸೂಜಿ ಬಟ್ಟಲಿಗೆ ಹಾಕಿದ ಸದ್ದು. ಆಮೇಲೆ: "ಎರಡು ಬೀಜನೂ ಊದಿ ಇಳಿದಿದೆ ಅಂದ್ರೆ ದಾರಿ ಮುಚ್ಚಿರುತ್ತೆ. ಮಕ್ಕಳಾಗದೇ ಇರೋದು ನಿನ್ನಿಂದ ಇರಬಹುದು. ಗಾಯ ಆರಲಿ, ಮೈಕ್ರೋಸ್ಕೋಪಿನಲ್ಲಿ ನೋಡಿ ಹೇಳ್ತೀನಿ. ಅವಳನ್ನ ಬಂಜೆ ಅನ್ನಬೇಡ."

ಕುದಿಯುವ ನೀರು ಕೈ ಮೇಲೆ ಬಿತ್ತು. ಉರಿ ಗೊತ್ತಾಗಲಿಲ್ಲ.

ಒಂಬತ್ತು ವರ್ಷ. ಅಶ್ವತ್ಥಕಟ್ಟೆ ಸುತ್ತಿದೆ. ಒದ್ದೆ ಬಟ್ಟೆಯಲ್ಲಿ ಉರುಳಿದೆ. ಹುಣಿಸೆಬೀಜ, ಕಾಡುಬೇರು, ಯಾರೋ ಕೊಟ್ಟ ಬೂದಿ, ಏನೇನೋ ನುಂಗಿದೆ. ಸೀಮಂತಗಳಲ್ಲಿ ಬಾಗಿಲಾಚೆ ನಿಂತೆ. ಕಿಬ್ಬೊಟ್ಟೆ ನೋವು ಬಂದರೆ "ಬಂಜೆ ನೋವು" ಎಂದು ಅತ್ತೆ ನಕ್ಕಿದ್ದರು. ಡಾಕ್ಟರು ನನ್ನನ್ನೂ ಕರೆದು ಆ ನೋವನ್ನೇ ಕೇಳಿದರು. ಬಿಳಿ ಹೋಗುತ್ತದೆಯೇ, ಉರಿ ಇದೆಯೇ. ಇದೆ, ಮದುವೆಯಾದ ಮೊದಲ ವರ್ಷದಿಂದ. ಅದೂ ಇವರು ಕೊಟ್ಟದ್ದೇ! ನನಗೂ ಪೆನಿಸಿಲಿನ್.

ಸೂಜಿ ಚುಚ್ಚುವಾಗ ಡಾಕ್ಟರು ಅಂದರು: "ಅಳಬೇಡಮ್ಮ, ಇಷ್ಟೇ." ನೋವಿಗೆ ಅಳುತ್ತಿದ್ದೇನೆ ಎಂದುಕೊಂಡರು.

ಈ ಮನುಷ್ಯ ಕೊಳೆತು ಹೋಗಲಿ ಅನ್ನಿಸಿತು. ಪಟ್ಟಿ ತುರುಕದೆ ಬಿಟ್ಟರೆ ಸಾಕು. ಮೇಲ್ಬಾಯಿ ಮುಚ್ಚಿಕೊಳ್ಳುತ್ತದೆ. ಯಾರಿಗೂ ತಿಳಿಯುವುದಿಲ್ಲ.


ಫೆಬ್ರವರಿ 19, ಮಂಗಳವಾರ. ಬೆಳಿಗ್ಗೆ

ಸಾಯಬಾರದು. ಸತ್ತರೆ ನಾನೇ ನುಂಗಿದೆ ಅನ್ನುತ್ತಾರೆ, ಅತ್ತೆ ಜಗಲಿಯಲ್ಲಿ ಕೂತು ಮಗನ ಗುಣಗಾನ ಮಾಡುತ್ತಾರೆ. ಬಂಜೆಯೂ ನಾನೇ, ಮುಂಡೆಯೂ ನಾನೇ.

ಇನ್ನೊಂದು. ಪಟ್ಟಿ ತೊಳೆಯುತ್ತಾ ಹೊಳೆಯಿತು. ಲಾಳಿ ಮುಟ್ಟಿಸಿ ಇವರು ಏನು ಅನ್ನಿಸಿದ್ದು? ಸಾಯುವವರೆಗೆ ಅಂತಲ್ಲ. ವಾಸಿ ಆಗೋಗಂಟ. ನೋವಿನಲ್ಲಿ ಅಷ್ಟೇ ಹೊಳೆದಿದೆ ಮಹಾರಾಯರಿಗೆ.

ಹಾಗಾದರೆ ವಾಸಿಯಾಗಲಿ. ಧಾರೆಗೆ ಮುಂಚೆ ವಾಸಿಯಾಗಲಿ. ನಾನೇ ಮಾಡುತ್ತೇನೆ ವಾಸಿ. ಡಾಕ್ಟರ ಬಾಯಿಂದ "ಪೂರಾ ಆರಿತು" ಅನ್ನಿಸುತ್ತೇನೆ. ಆಮೇಲೆ ನನ್ನ ಬಾಯಿ ನನ್ನದು.

ಪಟ್ಟಿ ತುರುಕಿದೆ. ತಳ ಮುಟ್ಟುವ ಹಾಗೆ. ಗೋಡೆ ಗುದ್ದಿಕೊಂಡರು. "ಮೆಲ್ಲಕೆ ಕಣೆ!" ಅಂದರು.

"ಡಾಕ್ಟರು ಹೇಳಿದ್ದಾರೆ, ಪುಟ್ಟಬಸಪ್ಪಾ. ಅಲ್ಲಾಡಬೇಡ, ಪುಟ್ಟಬಸಪ್ಪಾ." ಆ ಹೆಸರು ಗಂಡನದಲ್ಲವಲ್ಲ, ಹೇಳಬಹುದು. ಎಷ್ಟು ಬೇಕಾದರೂ ಹೇಳಬಹುದು. ಹಾಯೆನ್ನಿಸಿತು.


ಮಾರ್ಚ್ 2, ಭಾನುವಾರ. ಕೊಳ್ಳೇಗಾಲ

ಮನೆಗೆ ಬಂದು ಮೂರು ದಿನ. ಬೀದಿಯಲ್ಲಿ ನನ್ನದೇ ಹೊಗಳಿಕೆ. ಗಂಡನ ತೊಡೆಯ ಕುರುವಿಗೆ ಹೆಂಡತಿ ರಾತ್ರಿ ಹಗಲು ಸೇವೆ ಮಾಡುತ್ತಾಳಂತೆ. ಸವತಿ ಬರುತ್ತಾಳೆಂದು ಗೊತ್ತಿದ್ದೂ. ಎದುರುಮನೆಯ ದೇವೀರಮ್ಮ ಕಣ್ಣು ಒದ್ದೆ ಮಾಡಿಕೊಂಡು "ನೀನು ಸತಿ ಕಣವ್ವ" ಅಂದಳು. ತಲೆ ತಗ್ಗಿಸಿದೆ. ನಗು ಕಾಣಬಾರದಲ್ಲ.

ಗಾಯ ಕೆಂಪಗೆ, ಒಳ್ಳೆಯ ಮಾಂಸ ಬರುತ್ತಿದೆ. ಪಟ್ಟಿ ದಿನದಿನಕ್ಕೆ ಗಿಡ್ಡವಾಗುತ್ತಿದೆ. ಮೂತ್ರ ನೆಟ್ಟಗೆ. ಮೊಟ್ಟೆ, ಹಾಲು ಕೊಡುತ್ತಿದ್ದೇನೆ.

ಮಗ್ಗದಲ್ಲಿ ಸೀರೆ ಅರ್ಧಕ್ಕೇ ನಿಂತಿತ್ತು. ಇವರು ಗುಂಡಿಗೆ ಇಳಿಯುವ ಹಾಗಿಲ್ಲ. ಬೇರೆಯವರನ್ನು ಕರೆದರೆ ಜರಿಯಂಚಿನ ಕೈ ಬೇರೆಯಾಗುತ್ತದೆ; ಇವರ ಕೈಗೆ ಹೊಂದುವ ಹಾಗೆ ನೇಯಲು ಬರುವುದು ನನಗೊಬ್ಬಳಿಗೇ. ಅತ್ತೆ ಮೂರು ಸಲ ಒಳಗೆ ಹೊರಗೆ ಓಡಾಡಿ ಕೊನೆಗೆ ಅಂದರು: "ನೀನೇ ಕುಂತ್ಕೊ ಅತ್ಲಾಗಿ."

"ಬಂಜೆ ಕೈ ತಗುಲಬಾರದಲ್ಲ ಅತ್ತೆ?"

"ಬಾಯ್ ಮಾಡ್ಬ್ಯಾಡ. ಅರಿಶಿನದ ನೀರಲ್ಲಿ ಕೈ ತೊಳ್ಕೊಂಡು ಕುಂತ್ಕೊ."

ಕೂತೆ. ಒಂದೆಳೆಯೂ ತಪ್ಪಿಸುವುದಿಲ್ಲ. ಮನುಷ್ಯರ ಮೇಲಿನ ಸಿಟ್ಟನ್ನು ರೇಷ್ಮೆಯ ಮೇಲೆ ತೀರಿಸಿಕೊಳ್ಳುವವಳಲ್ಲ ನಾನು.


ಮಾರ್ಚ್ 5, ಬುಧವಾರ

ಪಟ್ಟಿ ಬದಲಿಸುವಾಗ ಇವರು ನನ್ನ ಕೈ ಹಿಡಿದುಕೊಂಡು ಅತ್ತರು. ಮಗುವಿನ ಹಾಗೆ. "ನೀನಿಲ್ದಿದ್ರೆ ನಾನು ಮಣ್ಣಾಗ್ತಿದ್ದೆ. ಡಾಕ್ಟ್ರು ಅಂದದ್ದು ಕೇಳಿಸ್ಕಂಡ್ಯಲ್ಲ? ನಿನ್ ತಪ್ಪಿಲ್ಲ. ಮದ್ವೆ ಬ್ಯಾಡ ಅನ್ಸುತ್ತೆ. ಅವ್ವಂಗೆ ಯೇಳ್ತೀನಿ."

 ಇವತ್ತು ಪಟ್ಟಿ ಮೆಲ್ಲಗೆ ತುರುಕಿದೆ.

ಹೇಳಿಬಿಟ್ಟರೆ... ಅತ್ತೆಯ ಮುಂದೆ ಒಂದು ಮಾತು, "ಅವ್ವ, ತಪ್ಪು ನಂದು" ಎಂದುಬಿಟ್ಟರೆ, ಎಲ್ಲ ಬಿಟ್ಟುಬಿಡುತ್ತೇನೇನೋ. ಒಂಬತ್ತು ವರ್ಷವನ್ನೂ. ನನಗೇ ನಾಚಿಕೆ, ಇಷ್ಟು ಅಗ್ಗವೇ ನಾನು?


ಮಾರ್ಚ್ 19, ಬುಧವಾರ

ಹೇಳಲಿಲ್ಲ.

ಕಾದೆ, ಕಾದೆ. ನಿನ್ನೆ ಇವರು ಕೋಲು ಬಿಟ್ಟು ನಡೆದರು. ಇವತ್ತು ಬಸ್ಸು ಹತ್ತಿ ಯಳಂದೂರಿಗೆ ಹೋಗಿ ಬಂದರು. ಛತ್ರ ಗೊತ್ತು ಮಾಡಲು. ಬಾಯಲ್ಲಿ ಸಾರಾಯಿ ವಾಸನೆ. "ಮದುವೆ ಬೇಡ ಅಂದಿದ್ದಿರಿ" ಅಂದೆ.

"ನೋವ್ನಲ್ಲಿ ಏನೋ ಅಂದೆ. ಅದನ್ನೇ ಇಟ್ಕಂಡು ಕುಂತಿದ್ದಯಲ್ಲ! ಆ ಡಾಕ್ಟ್ರಿಗೇನ್ ಗೊತ್ತು, ನನ್ ಬೀಜದ ಇಸ್ಯ? ಎಳೇ ಹುಡುಗಿ, ಆಯ್ತದೆ ಬುಡು."

ಎಳೇ ಹುಡುಗಿ. ಅವಳಿಗೂ ಒಂಬತ್ತು ವರ್ಷ ಉರುಳುಸೇವೆ. ಅವಳಿಗೂ ಕಿಬ್ಬೊಟ್ಟೆ ನೋವು. ಅವಳ ಮೇಲೆ ಕನಿಕರವೆಂದು ಬರೆದುಕೊಂಡರೆ ಸುಳ್ಳು. ಇದ್ದರೂ ಚೂರು ಇದ್ದೀತು. ಮಿಕ್ಕದ್ದೆಲ್ಲ ಸಿಟ್ಟು.

ಸಂಜೆ ತುಪ್ಪದ ಅನ್ನ ಬಡಿಸಿದೆ. ಬೇಗ ಆರಬೇಕು ಗಾಯ. ಇನ್ನೂ ಒಂದು ಮೂಲೆಯಲ್ಲಿ ಹಸಿ ಇದೆ. ಮದುವೆ ಹತ್ತಿರ ಬಂತು.


ಮಾರ್ಚ್ 27, ಗುರುವಾರ

ನಿನ್ನೆ ಯುಗಾದಿ ಹಬ್ಬದ ಬೇವುಬೆಲ್ಲ. ಅತ್ತೆ ನನ್ನ ಕೈಗೆ ಬೇವೇ ಹಾಕಿದರು, ಬೆಲ್ಲ ಮರೆತು. ತಿಂದೆ. ಗಾಯದ ಹಸಿ ಇನ್ನೂ ಹೋಗಿಲ್ಲ, ಹಾಳಾದ್ದು.


ಏಪ್ರಿಲ್ 2, ಬುಧವಾರ. ಮಧ್ಯಾಹ್ನ

ಹನೂರಿಂದ ಈಗ ಬಂದೆವು. ಬರುವುದಿಲ್ಲ ಅಂದಿದ್ದರು. "ಮದುವೆ ರಾತ್ರಿ ಮತ್ತೆ ಊದಿಕೊಂಡರೆ?" ಅಂದೆ, ಅಷ್ಟೆ. ಹೆದರಿ ಬಸ್ಸು ಹತ್ತಿದರು.

ಡಾಕ್ಟರು ಒತ್ತಿ ನೋಡಿದರು, ಹಿಂದೆ ಮುಂದೆ ತಿರುಗಿಸಿ ನೋಡಿದರು. ಕೀವಿಲ್ಲ, ಗಂಟಿಲ್ಲ, ಸೋರುವುದಿಲ್ಲ. "ಪೂರಾ ವಾಸಿ ಕಣಯ್ಯ. ಸ್ವಲ್ಪ ಓರೆಯಾಗಿ ಉಳಿಯಬಹುದು. ಅದು ಪಂಡಿತನ ಮೈಲುತುತ್ತದ ಕಾಣಿಕೆ."

ಪೂರಾ ವಾಸಿ!  ಇನ್ನೊಂದು ಸಲ ಅನ್ನಿಸಬೇಕಿತ್ತು. "ವಾಸಿಯಾಯ್ತು ಅಂತಲೇ ಡಾಕ್ಟರೇ? ಏನೂ ಉಳಿದಿಲ್ಲ?"

"ಆಯ್ತಮ್ಮ, ಆಯ್ತು. ಎಷ್ಟು ಸಲ ಹೇಳಲಿ."

ಆಮೇಲೆ ಬೀಜದ ಪರೀಕ್ಷೆಗೆಂದು ಬಾಟಲಿ ಕೊಟ್ಟು ಇವರನ್ನು ಒಳಗೆ ಕಳಿಸಿದರು. ಮೈಕ್ರೋಸ್ಕೋಪಿನ ಮೇಲೆ ಬಗ್ಗಿ ಬಹಳ ಹೊತ್ತು ನೋಡಿದರು. ನನ್ನನ್ನೂ ಒಳಗೆ ಕರೆದರು.

"ಬೀಜಾಣು ಒಂದೂ ಇಲ್ಲ. ಮೂರು ಸಲ ನೋಡಿದೆ. ನಿನಗೆ ಮಕ್ಕಳಾಗಲ್ಲ ಕಣಯ್ಯ, ಇವಳಲ್ಲೂ ಆಗಲ್ಲ, ಬೇರೆಯವಳಲ್ಲೂ ಆಗಲ್ಲ. ಕಂಡಕಂಡ ಕಡೆ ಹೋಗೋದು ನಿಲ್ಲಿಸು. ಇವಳಿಗೆ ಅಂಟಿಸಿದ್ದು ಸಾಕು."

ಇವರು ನೆಲ ನೋಡಿಕೊಂಡು ನಿಂತಿದ್ದರು. ಬಸ್ಸು ಹತ್ತಿದೆವು. ಕಾಮಗೆರೆಯಲ್ಲಿ ಇಳಿದು ಒಂದು ಸೋಡಾ ಕುಡಿದರು. ಮತ್ತೆ ಹತ್ತಿ ಕೂತು, "ಶುಕ್ರವಾರ ಸೋಮಮ್ಮ ಬತ್ತಾರೆ, ಸೀರೆ ಇಳಿಸಕೆ. ಅಂಚು ಮುಗ್ದದ?" ಅಂದರು.

ಮುಗಿದಿದೆ ಅಂದೆ. ಇಷ್ಟು ಕೇಳಿದ ಮೇಲೂ ಸೀರೆಯ ಅಂಚು!


ಏಪ್ರಿಲ್ 3, ಗುರುವಾರ

ಲಾಳಿಯ ಮಾತಿನ ಗಡುವು ಮುಗಿಯಿತೆಂದು ಬೆಳಿಗ್ಗೆ ಹೊಳೆದಿದೆ ಇವರಿಗೆ. ಹಾಸಿಗೆಯಿಂದ ಎದ್ದವರೇ ನೆಟ್ಟಗೆ ಮಗ್ಗದ ಹತ್ತಿರ ಹೋಗಿ ಲಾಳಿ ತಂದರು. ಮುಖ ಬಿಳಿಚಿಕೊಂಡಿತ್ತು.

"ಇನ್ನೊಂದ್ಸಲ ಮುಟ್ಟು. ಸಾಯೋಗಂಟ ಯಾರ್ಗೂ ಯೇಳಲ್ಲ ಅನ್ನು."

ಎರಡು ಹೆಜ್ಜೆ ಹಿಂದೆ ಸರಿದೆ. "ಮುಟ್ಟೋ ಹಾಗಿಲ್ಲ. ಹೊರಗಾಗಿದ್ದೀನಿ."

ಲಾಳಿಯನ್ನು ಎದೆಗೆ ಒತ್ತಿಕೊಂಡು ಇವರೂ ಹಿಂದೆ ಸರಿದರು. ಮುಟ್ಟಾದವಳು ಲಾಳಿ ಮುಟ್ಟಿದರೆ ಮಗ್ಗವನ್ನೇ ಬಿಚ್ಚಿ ತೊಳೆಯಬೇಕು, ಧಾರೆ ಸೀರೆ ಬೆಂಕಿಗೆ ಹೋಗಬೇಕು. ಅದನ್ನು ಇವರಿಗೆ ಕಲಿಸಿದವರೇ ಅತ್ತೆ. ಅತ್ತೆ ಅಡುಗೆಮನೆಯಿಂದಲೇ ಕೂಗಿದರು: "ಈವಾಗ್ಲೇ ಆಗ್ಬೇಕಿತ್ತಾ ನಿಂಗೆ! ನಂಜುಂಡಾ, ಬುಡ್ಲಾ ಅವಳ್ನ, ಮೈಲಿಗೆ. ಲೇ, ಓಗಿ ಜಗ್ಲಿ ಮೇಲೆ ಕುಂತ್ಕೊ. ಯಾರ್ನೂ ಮುಟ್ಬ್ಯಾಡ."

ಹೊರಗಾಗಿಲ್ಲ ನಾನು. ಸುಳ್ಳು. ಲಾಳಿ ಮುಟ್ಟದೆ ಹೇಳಿದ ಸುಳ್ಳು, ಅದಕ್ಕೆ ಪರವಾಗಿಲ್ಲ. ತಿಂಗಳು ತಿಂಗಳೂ ನಾನು ಮುಟ್ಟಾದಾಗ ಅತ್ತೆ "ಬಂತಾ ಮತ್ತೆ" ಎಂದು ಪಾತ್ರೆ ಕುಕ್ಕುತ್ತಿದ್ದರು. ಇವತ್ತೂ ಕುಕ್ಕಿದರು. ಎಷ್ಟು ಇಂಪಾಗಿತ್ತು!

ನಮ್ಮ ಮನೆಯಲ್ಲಿ ಮುಟ್ಟಾದವಳಿಗೆ ಜಾಗ ಬೀದಿಯ ಕಡೆ ಜಗಲಿ, ಬಾಗಿಲ ಪಕ್ಕ. ಒಳಗೆ ಬರುವವರೆಲ್ಲ ನನ್ನನ್ನು ದಾಟಿಯೇ ಬರಬೇಕು. ಚಾಪೆ, ಚೊಂಬು, ಪೆನ್ಸಿಲು ಇದೆ. ಇನ್ನೇನು ಬೇಕು.

ಇವರು ಮೂರು ಸಲ ಬಾಗಿಲಿಗೆ ಬಂದು ಹೋದರು. "ಅನಸೂಯಾ" ಅಂದರು. "ಅನೂ" ಅಂದರು. ಒಂಬತ್ತು ವರ್ಷದಲ್ಲಿ ಇವತ್ತೇ ಅನೂ ಅಂದದ್ದು. ಚಾಪೆಯ ಕಡ್ಡಿ ಎಣಿಸುತ್ತಾ ಕೂತೆ.


ಏಪ್ರಿಲ್ 4, ಶುಕ್ರವಾರ. ಬೆಳಿಗ್ಗೆ

ಮಗ್ಗಕ್ಕೆ ಪೂಜೆ ಆಯಿತು. ಹುಡುಗಿಯ ತಾಯಿ ತನ್ನ ಕೈಯಾರೆ ಕೊನೆಯ ಎಳೆ ಕತ್ತರಿಸಿ ಸೀರೆ ಇಳಿಸಬೇಕು, ಅಲ್ಲಿಗೆ ಮಾತು ಗಟ್ಟಿ. ಅತ್ತೆ ಕತ್ತರಿಗೆ ಅರಿಶಿನ ಹಚ್ಚಿ ಇಟ್ಟಿದ್ದಾರೆ. ಚೆನ್ನಾಗಿದೆ ಸೀರೆ. ನನ್ನ ಕೈಯಲ್ಲಿ ಇಷ್ಟು ಚೆನ್ನಾದ ಅಂಚು ಹಿಂದೆ ಬಂದಿರಲಿಲ್ಲ. ಸೋಮಮ್ಮ ಅದನ್ನು ಮಗಳಿಗೆ ಬೇರೆ ಮದುವೆಗೆ ಉಡಿಸಲಿ ಬೇಕಾದರೆ, ನನ್ನ ಅಡ್ಡಿಯಿಲ್ಲ.

ಒಳಗೆ ಇವರು ಅತ್ತೆಗೆ ಏನೋ ಪಿಸುಗುಟ್ಟುತ್ತಿದ್ದಾರೆ — ನನ್ನನ್ನು ಹಿತ್ತಲಿಗೆ ಕಳಿಸಬೇಕಂತೆ. ಅತ್ತೆ ಗದರಿದರು. "ಮೈಲಿಗೆವ್ಳು ನಡೂಮನೆ ದಾಟ್ಕಂಡು ಇತ್ಲಿಗೆ ಓಗದಾ? ಪೂಜೆ ಆಗದೆ. ಅಲ್ಲೇ ಇರ್ಲಿ!" ಬದುಕಿಕೊಳ್ಳಿ ಅತ್ತೆ, ನೂರು ವರ್ಷ.

ಬೀದಿ ತಿರುವಿನಲ್ಲಿ ಇಬ್ಬರು. ಸೋಮಮ್ಮ, ಹಸಿರು ಸೀರೆ. ಹಿಂದೆ ಹುಡುಗಿಯೂ ಬಂದಿದ್ದಾಳೆ, ಹೂವಿನ ಪೊಟ್ಟಣ ಹಿಡಿದು. ಎಷ್ಟು ಸಣ್ಣವಳು. ದೇವೀರಮ್ಮ ಬಾಗಿಲಿಗೆ ಬಂದು ನೋಡುತ್ತಿದ್ದಾಳೆ. ಪಕ್ಕದ ಮನೆಯವರೂ. ಬರಲಿ, ಎಲ್ಲರೂ ಬರಲಿ.

ಗಂಡನ ಹೆಸರು ಹೇಳಿದರೆ ಅವರ ಆಯುಸ್ಸು ಕಮ್ಮಿಯಾಗುತ್ತದಂತೆ. ಆಗಲಾರದು. ಪೂರಾ ವಾಸಿ ಎಂದು ಡಾಕ್ಟರೇ ಹೇಳಿದ್ದಾರೆ, ಎರಡು ಸಲ.

ಬಂದೇಬಿಟ್ಟರು. "ಇದ್ಯಾಕವ್ವಾ, ಬಿಸಿಲಲ್ಲಿ ಆಚೆ ಕುಂತಿದ್ದೀಯ?" ಅನ್ನುತ್ತಿದ್ದಾಳೆ ಸೋಮಮ್ಮ. ಒಳಗಿಂದ ಇವರು ಓಡಿ ಬರುವ ಸದ್ದು. ಮೊದಲು ಇಲ್ಲಿ ಬರೆದುಕೊಂಡು ಆಮೇಲೆ ಗಟ್ಟಿಯಾಗಿ —

ಸೋಮಮ್ಮನವರೇ, ಒಳಗೆ ಹೋಗಬೇಡಿ. ಈ ನಂಜುಂಡಯ್ಯ